ಒಂದೇ ಕೋನಿನ ಸ್ಪೀಕರ್ ಆರಿಸುವ ಮುನ್ನ

ಮಾಮೂಲಿ ಸ್ಪೀಕರ್ ಬಾಕ್ಸಿನ ಮುಂದಿನ ಬಟ್ಟೆ ತೆಗೆದರೆ ಕೆಳಗೊಂದು ದೊಡ್ಡ ಕೋನ್, ಮೇಲೊಂದು ಪುಟ್ಟ ಗುಮ್ಮಟ ಕಾಣುತ್ತದೆ. ದೊಡ್ಡದು ವೂಫರ್, ಪುಟ್ಟದು ಟ್ವೀಟರ್. ಒಳಗೆ, ಕಣ್ಣಿಗೆ ಬೀಳದ ಹಾಗೆ, ಕಾಯಿಲು ಕೆಪಾಸಿಟರುಗಳ ಒಂದು ಬೋರ್ಡ್ ಕೂತಿರುತ್ತದೆ. ಅದು ಕ್ರಾಸ್‌ಓವರ್. ಆಂಪ್ಲಿಫೈಯರ್ ಕಳಿಸಿದ್ದನ್ನು ಪಾಲು ಮಾಡಿ, ದಪ್ಪ ಸ್ವರವನ್ನು ವೂಫರಿಗೆ, ಚೂಪು ಸ್ವರವನ್ನು ಟ್ವೀಟರಿಗೆ ಹಂಚುವುದು ಅದರ ಕೆಲಸ. ಫುಲ್‌ರೇಂಜ್ ಸ್ಪೀಕರಿನಲ್ಲಿ ಈ ಪಾಲುಪಟ್ಟಿಯೇ ಇಲ್ಲ. ಒಂದು ಡ್ರೈವರ್ (ಕೋನ್, ಸುರುಳಿ, ಅಯಸ್ಕಾಂತ ಸೇರಿದ, ಸದ್ದು ಮಾಡುವ ಘಟಕ), ಅದಕ್ಕೆ ಆಂಪಿನಿಂದ ನೇರ ಎರಡು ತಂತಿ, ಒಂದು ಬಾಕ್ಸ್. ಅಷ್ಟೇ.

ಇಷ್ಟು ಸರಳವಾದ ವಸ್ತುವನ್ನು ಆರಿಸುವುದೂ ಸುಲಭವಾಗಿರಬೇಕಿತ್ತು. ಹಾಗಿಲ್ಲ. ವೂಫರ್, ಟ್ವೀಟರ್ ಎರಡೂ ಇರುವ ಟೂ-ವೇ ಸ್ಪೀಕರ್ ಕೊಂಡಾಗ ಎಲ್ಲಿ ಎಷ್ಟು ಬಿಟ್ಟುಕೊಡಬೇಕು ಅನ್ನುವುದನ್ನು ಅದನ್ನು ಮಾಡಿದ ಇಂಜಿನಿಯರ್ ಮೊದಲೇ ತೀರ್ಮಾನಿಸಿರುತ್ತಾನೆ. ಫುಲ್‌ರೇಂಜಿನಲ್ಲಿ ಆ ತೀರ್ಮಾನದ ಬಹುಪಾಲು ಕೊಳ್ಳುವವರ ತಲೆಗೇ ಬರುತ್ತದೆ. ಎಷ್ಟು ದೂರ ಕೂರುತ್ತೀರಿ, ಎಷ್ಟು ಜೋರಾಗಿ ಕೇಳುತ್ತೀರಿ, ಬಾಕ್ಸ್ ಎಂಥದ್ದು, ಆಂಪ್ ಯಾವುದು. ಡ್ರೈವರಿನ ಹೆಸರು ಈ ಪಟ್ಟಿಯಲ್ಲಿ ಕೊನೆಗೆ ಬರಬೇಕು. ಹೆಚ್ಚಿನವರು, ನಾನೂ ಸೇರಿ, ಶುರುಮಾಡುವುದು ಮಾತ್ರ ಅಲ್ಲಿಂದಲೇ.

ಒನಕೆ ಹಿಡಿದ ಕೈಯಲ್ಲೇ ಸೂಜಿ

ಮನುಷ್ಯನ ಕಿವಿಗೆ 20 ಹರ್ಟ್ಜ್‌ನಿಂದ 20,000 ಹರ್ಟ್ಜ್‌ವರೆಗೆ ಕೇಳುತ್ತದೆ ಅನ್ನುವುದು ಪಠ್ಯಪುಸ್ತಕದ ಲೆಕ್ಕ. ವಯಸ್ಸಾದಂತೆ ಮೇಲಿನ ತುದಿ ಸವೆಯುತ್ತ ಬರುತ್ತದೆ, ಆ ಮಾತು ಬೇರೆ. ಆವರ್ತನ ಒಮ್ಮೆ ಇಮ್ಮಡಿಯಾದರೆ ಒಂದು ಆಕ್ಟೇವ್, ಹಾಗೆ ನೋಡಿದರೆ ಈ ಹರವು ಸುಮಾರು ಹತ್ತು ಆಕ್ಟೇವ್. ಗಾಳಿಯಲ್ಲಿ 20 ಹರ್ಟ್ಜ್ ಅಲೆಯ ಉದ್ದ 17 ಮೀಟರ್ ಆದರೆ 20,000 ಹರ್ಟ್ಜ್ ಅಲೆಯದ್ದು 17 ಮಿಲಿಮೀಟರ್. ಮೊದಲನೆಯದಕ್ಕೆ ರಾಶಿ ರಾಶಿ ಗಾಳಿ ತಳ್ಳುವ ದೊಡ್ಡ ಹಲಗೆ ಬೇಕು. ಎರಡನೆಯದಕ್ಕೆ ಸೆಕೆಂಡಿಗೆ ಇಪ್ಪತ್ತು ಸಾವಿರ ಸಲ ಹೋಗಿಬರಬಲ್ಲ ಹಗುರವಾದ ಬಿಲ್ಲೆ ಬೇಕು. ಎರಡೂ ಕೆಲಸ ಒಂದೇ ಕೋನ್ ಮಾಡಲಿ ಅನ್ನುವುದು, ಒನಕೆ ಹಿಡಿದ ಕೈಯಲ್ಲೇ ಸೂಜಿಗೆ ದಾರ ಪೋಣಿಸು ಅಂದ ಹಾಗೆ.

ಆದರೂ ಅದು ನಡೆಯುತ್ತದೆ, ಹೇಗೆ ಅಂತ ನೋಡಿ. ಸುರುಳಿ, ಅಯಸ್ಕಾಂತ, ಕೋನ್ ಇರುವ ಸ್ಪೀಕರಿನ ಇವತ್ತಿನ ರೂಪವನ್ನು ಜನರಲ್ ಎಲೆಕ್ಟ್ರಿಕ್‌ನ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ 1925ರಲ್ಲಿ ಪ್ರಕಟಿಸಿದರು. ಆಮೇಲೆ ಮೂಲ ವಿನ್ಯಾಸ ಹೆಚ್ಚು ಬದಲಾಗಿಲ್ಲ. ಕೋನಿನ ಬುಡದಲ್ಲಿ ಆ ಸುರುಳಿ, ಅಂದರೆ ವಾಯ್ಸ್ ಕಾಯಿಲ್, ಅಂಟಿಕೊಂಡಿರುತ್ತದೆ. ಕೆಳಸ್ವರ ಬಂದಾಗ ಇಡೀ ಕೋನ್ ಒಟ್ಟಾಗಿ ಹಿಂದಕ್ಕೂ ಮುಂದಕ್ಕೂ ಓಡಾಡುತ್ತದೆ. ಸ್ವರ ಮೇಲೇರಿದಂತೆ ಕೋನ್ ಒಂದೇ ತುಂಡಿನ ಹಾಗೆ ವರ್ತಿಸುವುದನ್ನು ಬಿಡುತ್ತದೆ. ಬುಡ ಹೇಳಿದ್ದು ಅಂಚಿಗೆ ಮುಟ್ಟುವಷ್ಟರಲ್ಲಿ ತಡವಾಗಿರುತ್ತದೆ. ಇದಕ್ಕೆ ಬ್ರೇಕಪ್ ಅನ್ನುತ್ತಾರೆ. ವೂಫರ್ ಮಾಡುವವರು ಬ್ರೇಕಪ್ ಶುರುವಾಗುವ ಮೊದಲೇ ಕ್ರಾಸ್‌ಓವರಿನಿಂದ ಅದನ್ನು ಕತ್ತರಿಸಿಬಿಡುತ್ತಾರೆ. ಫುಲ್‌ರೇಂಜ್ ಮಾಡುವವರಿಗೆ ಆ ಸೌಲಭ್ಯ ಇಲ್ಲ. ಅವರು ಅದೇ ಬ್ರೇಕಪ್ಪನ್ನು ಪಳಗಿಸಿ ದುಡಿಸಿಕೊಳ್ಳುತ್ತಾರೆ. ಮೇಲಿನ ಸ್ವರಗಳು ಕೋನಿನ ನಡುಭಾಗದಿಂದ ಮಾತ್ರ ಹೊರಡುವಂತೆ, ಅಂಚು ಸದ್ದಿಲ್ಲದೆ ಹಿಂದುಳಿಯುವಂತೆ ಕೋನಿನ ದಪ್ಪ, ಬಾಗು, ಕಾಗದದ ಪಾಕ ಎಲ್ಲವನ್ನೂ ತಿದ್ದುತ್ತಾರೆ. ಎಷ್ಟು ಪಳಗಿದೆ ಅನ್ನುವುದು, ಯಾವ ಆವರ್ತನಕ್ಕೆ ಎಷ್ಟು ಸದ್ದು ಅಂತ ತೋರಿಸುವ ಗ್ರಾಫಿನಲ್ಲಿ 2ರಿಂದ 10 ಕಿಲೋಹರ್ಟ್ಜ್ ನಡುವಿನ ಏಳುಬೀಳಿನಲ್ಲಿ ಕಾಣುತ್ತದೆ.

ಪಳಗಿಸುವ ವಿಷಯದಲ್ಲಿ ಎರಡು ಘರಾಣೆಗಳಿವೆ ಅನ್ನಬಹುದು. ಒಂದು, ಬ್ರಿಟನ್ನಿನ ಪಾಲ್ ವಾಯ್ಟ್‌ನಿಂದ ಬಂದದ್ದು. ದೊಡ್ಡ ಕೋನಿನ ಬುಡಕ್ಕೆ ಇನ್ನೊಂದು ಪುಟ್ಟ ಕಾಗದದ ಕೋನ್ ಅಂಟಿಸಿ, ಚೂಪು ಸ್ವರವನ್ನು ಅದರ ಪಾಲಿಗೆ ಬಿಡುವುದು. ಈ ಪುಟ್ಟ ಕೋನಿಗೆ ವಿಜ಼ರ್ ಅಂತ ಹೆಸರು. ವಾಯ್ಟ್‌ನ ಕೆಲಸವನ್ನು ಮುಂದುವರಿಸಿದ ಲೋಥರ್ ಕಂಪನಿಯ ಡ್ರೈವರುಗಳು, ಜಪಾನಿನ ಫಾಸ್ಟೆಕ್ಸ್‌ನ ಎಂಟಿಂಚಿನ ಡ್ರೈವರುಗಳು ಈ ಸಾಲಿನವು. ಹಗುರವಾದ ಕಾಗದ, ಭಾರೀ ಅಯಸ್ಕಾಂತ, ಒಂದು ವ್ಯಾಟ್‌ಗೇ ಕೋಣೆ ತುಂಬುವ ಸದ್ದು, ಆದರೆ ಕೋನ್ ಹಿಂದೆಮುಂದೆ ಸರಿಯುವುದು ಒಂದು ಒಂದೂವರೆ ಮಿಲಿಮೀಟರ್ ಮಾತ್ರ. ಇನ್ನೊಂದು ಘರಾಣೆ, ಬ್ರಿಟನ್ನಿನದೇ ಆದ ಟೆಡ್ ಜೋರ್ಡನ್‌ನದ್ದು. ಅದರ ಛಾಯೆ ಇವತ್ತಿನ ಮಾರ್ಕ್‌ಆಡಿಯೋ ಡ್ರೈವರುಗಳಲ್ಲಿ ಕಾಣುತ್ತದೆ. ನಾಲ್ಕಿಂಚಿನ ಆಸುಪಾಸಿನ ಪುಟ್ಟ ಲೋಹದ ಕೋನ್, ವಿಜ಼ರ್ ಇಲ್ಲ, ಓಡಾಟ ಧಾರಾಳ, ಸದ್ದಿಗೆ ಮಾತ್ರ ಹೆಚ್ಚು ವ್ಯಾಟ್ ಬೇಡುತ್ತದೆ. ಯಾವ ಡ್ರೈವರ್ ಕೈಗೆತ್ತಿಕೊಂಡರೂ ಇದು ಯಾವ ಘರಾಣೆಯದ್ದು ಅಂತ ಮೊದಲು ಕೇಳಿಕೊಳ್ಳಿ. ಮುಂದಿನ ಅರ್ಧ ಪ್ರಶ್ನೆಗಳು ಅಲ್ಲಿಗೇ ಮುಗಿಯುತ್ತವೆ.

ಇಷ್ಟು ತಾಪತ್ರಯ ಯಾಕೆ

ಟೂ-ವೇ ಸ್ಪೀಕರುಗಳಲ್ಲಿ ವೂಫರ್ ಟ್ವೀಟರಿಗೆ ಕೆಲಸ ಒಪ್ಪಿಸುವುದು ಸಾಮಾನ್ಯವಾಗಿ 2ರಿಂದ 3 ಕಿಲೋಹರ್ಟ್ಜ್ ಹತ್ತಿರ. ನಮ್ಮ ಕಿವಿ ಅತಿ ಚುರುಕಾಗಿರುವುದು ಸರಿಸುಮಾರು 2ರಿಂದ 5 ಕಿಲೋಹರ್ಟ್ಜ್‌ನಲ್ಲಿ. ಮಾತಿನ ವ್ಯಂಜನಗಳು ಸ್ಪಷ್ಟವಾಗುವುದು, ಪಿಟೀಲಿನ ಕಮಾನು ತಂತಿಯನ್ನು ಕಚ್ಚಿ ಹಿಡಿಯುವುದು ಗೊತ್ತಾಗುವುದು ಅಲ್ಲಿಯೇ. ಅಂದರೆ ಹೊಲಿಗೆ ಬಿದ್ದಿರುವುದು ಬಟ್ಟೆಯ ಎದ್ದು ಕಾಣುವ ಜಾಗದಲ್ಲಿ. ಮೇಲಾಗಿ ಆ ಹೊಲಿಗೆಯ ಎರಡು ಬದಿಯ ಸದ್ದು ಹದಿನೈದು ಇಪ್ಪತ್ತು ಸೆಂಟಿಮೀಟರ್ ದೂರದ ಎರಡು ಜಾಗಗಳಿಂದ ಬರುತ್ತದೆ. ಕೂತವರು ಎದ್ದು ನಿಂತರೆ ಎರಡೂ ಸೇರುವ ರೀತಿ ಬದಲಾಗುತ್ತದೆ.

ಒಂದೇ ಡ್ರೈವರಿನಲ್ಲಿ ಹಾಡುವವರ ಗಂಟಲು, ತುಟಿ, ಉಸಿರು ಎಲ್ಲ ಒಂದೇ ಬಿಂದುವಿನಿಂದ ಬರುತ್ತವೆ. ಒಳ್ಳೆಯ ಜೋಡಿಯ ಎದುರು ಸರಿಯಾದ ಜಾಗದಲ್ಲಿ ಕೂತರೆ ಎರಡು ಸ್ಪೀಕರಿನ ನಡುವೆ, ಏನೂ ಇಲ್ಲದ ಜಾಗದಲ್ಲಿ, ಹಾಡುವವರು ನಿಂತ ಎತ್ತರವನ್ನೂ ಬೆರಳು ತೋರಿಸಿ ಹೇಳಬಹುದು ಅನ್ನಿಸುತ್ತದೆ. ಒಂದೆರಡು ದನಿ, ಒಂದೆರಡು ವಾದ್ಯ, ಹಿಂದೊಂದು ತಂಬೂರಿ ಇರುವ ರೆಕಾರ್ಡಿಂಗಿನಲ್ಲಿ ಇದರ ಸುಖ ಹೆಚ್ಚು. ಅದನ್ನು ಒಮ್ಮೆ ಕೇಳಿದವರು ಬೇಸ್ ಕಮ್ಮಿ ಅನ್ನುವ ದೂರನ್ನು ಸ್ವಲ್ಪ ದಿನ ಮರೆತೇಬಿಡುತ್ತಾರೆ. ಸ್ವಲ್ಪ ದಿನ ಮಾತ್ರ.

ಇದರರ್ಥ ಕ್ರಾಸ್‌ಓವರ್ ಇರುವುದೆಲ್ಲ ಕೆಟ್ಟದ್ದು ಅಂತಲ್ಲ. ಚೆನ್ನಾಗಿ ಮಾಡಿದ ಟೂ-ವೇ ಸ್ಪೀಕರಿನಲ್ಲಿ ಆ ಹೊಲಿಗೆಯನ್ನು ಹುಡುಕಿದರೂ ಸಿಗುವುದಿಲ್ಲ. ವೂಫರಿನ ನಡುವಿನಲ್ಲೇ ಟ್ವೀಟರ್ ಕೂರಿಸುವ ಕೋಆಕ್ಸಿಯಲ್ ದಾರಿಯೂ ಇದೆ. ಟ್ಯಾನಾಯ್ ಕಂಪನಿ 1947ರಿಂದ ಅದನ್ನೇ ಮಾಡುತ್ತ ಬಂದಿದೆ. ಒಂದು ಬಿಂದುವಿನ ಸುಖವೂ ಬೇಕು, ಜೋರಾದ ಸದ್ದೂ ಬೇಕು ಅನ್ನುವವರು ಅದನ್ನು ನೋಡುವುದು ಒಳ್ಳೆಯದು. ಫುಲ್‌ರೇಂಜ್ ಮಂದಿ ಈ ಮಾತನ್ನು ಸುಲಭಕ್ಕೆ ಒಪ್ಪುವುದಿಲ್ಲ.

ಮೊದಲು ಕುರ್ಚಿ

ಡ್ರೈವರ್ ಹುಡುಕುವ ಮುಂಚೆ ಕೂರುವ ಜಾಗದಿಂದ ಸ್ಪೀಕರ್ ಇಡುವ ಜಾಗಕ್ಕೆ ಟೇಪ್ ಹಿಡಿದು ಅಳೆಯಿರಿ. ಒಂದೂವರೆ ಮೀಟರ್ ಆದರೆ ಒಂದು ಕಥೆ, ನಾಲ್ಕು ಮೀಟರ್ ಆದರೆ ಬೇರೆಯೇ ಕಥೆ.

ಯಾವುದಾದರೂ ಎಂಟಿಂಚಿನ ಫುಲ್‌ರೇಂಜ್ ಸಿಕ್ಕರೆ ಒಂದು ಪ್ರಯೋಗ ಮಾಡಿ. ಒಂದು ಸ್ಪೀಕರನ್ನು ಮಾತ್ರ ಆನ್ ಮಾಡಿ, ಪಿಂಕ್ ನಾಯ್ಸ್ ಹಾಕಿ. ಮಳೆ ಸುರಿದಂಥ ಸದ್ದು ಬರುತ್ತದೆ. ಸ್ಪೀಕರಿನ ನೇರ ಎದುರು, ಒಂದು ಮೀಟರ್ ದೂರದಲ್ಲಿ ನಿಂತು, ನಿಧಾನವಾಗಿ ಪಕ್ಕಕ್ಕೆ ಸರಿಯಿರಿ. ಎದುರಿಗಿದ್ದಾಗ ಮಳೆ ತಗಡಿನ ಮೇಲೆ ಸುರಿದಂತಿರುತ್ತದೆ. ಎರಡು ಹೆಜ್ಜೆ ಸರಿಯುವಷ್ಟರಲ್ಲಿ ಅದೇ ಮಳೆ ಹುಲ್ಲಿನ ಮೇಲೆ ಸುರಿದಂತಾಗುತ್ತದೆ. ಚೂಪು ಸ್ವರ ಟಾರ್ಚಿನ ಬೆಳಕಿನ ಹಾಗೆ ನೇರಕ್ಕೆ ಮಾತ್ರ ಹೋಗುತ್ತಿದೆ. ಇದನ್ನು ಬೀಮಿಂಗ್ ಅನ್ನುತ್ತಾರೆ.

ಅಲೆಯ ಉದ್ದ ಕೋನಿನ ಅಗಲಕ್ಕೆ ಸಮ ಆಗುವ ಹೊತ್ತಿಗೆ ಬೀಮಿಂಗ್ ಚೆನ್ನಾಗಿ ಗೊತ್ತಾಗುತ್ತದೆ. ಎಂಟಿಂಚು ಅನ್ನುವುದು ಫ್ರೇಮಿನ ಅಳತೆ, ಸದ್ದು ಮಾಡುವ ಕೋನಿನ ಅಗಲ ಸುಮಾರು 16 ಸೆಂಟಿಮೀಟರ್. ಸದ್ದಿನ ವೇಗ ಸೆಕೆಂಡಿಗೆ 344 ಮೀಟರ್ ಅಂತ ಹಿಡಿದು ಭಾಗಿಸಿದರೆ 2,100 ಹರ್ಟ್ಜ್ ಸಿಗುತ್ತದೆ. ನಾಲ್ಕಿಂಚಿನ ಡ್ರೈವರಿನ ಕೋನ್ ಸುಮಾರು 8 ಸೆಂಟಿಮೀಟರ್, ಉತ್ತರ 4,300. ಮೂರಿಂಚಿನದ್ದಕ್ಕೆ ಇನ್ನೂ ಮೇಲೆ. ಮೇಲಿನ ಸ್ವರ ಕೋನಿನ ನಡುವಿನಿಂದ ಮಾತ್ರ ಬಂದಾಗ ಅಥವಾ ವಿಜ಼ರ್ ಇದ್ದಾಗ ಪರಿಸ್ಥಿತಿ ಸ್ವಲ್ಪ ಸುಧಾರಿಸುತ್ತದೆ, ಆದರೆ ಈ ಲೆಕ್ಕವನ್ನು ಪೂರ್ತಿ ಯಾರೂ ತಪ್ಪಿಸಿಕೊಂಡಿಲ್ಲ.

ಹಾಗಾಗಿ ಒಬ್ಬರೇ ಒಂದೇ ಕುರ್ಚಿಯಲ್ಲಿ ಕೂತು ಕೇಳುವುದಾದರೆ ಎಂಟಿಂಚು ಅಡ್ಡಿಯಿಲ್ಲ. ಮೂರು ಜನ ಸೋಫಾದಲ್ಲಿ ಕೂರುತ್ತಾರೆ, ಅಥವಾ ಓಡಾಡಿಕೊಂಡು ಕೇಳುತ್ತೀರಿ ಅಂದರೆ ಮೂರು ನಾಲ್ಕು ಇಂಚಿನದ್ದೇ ವಾಸಿ. ಮೇಜಿನ ಮೇಲೆ ಒಂದು ಮೀಟರ್ ದೂರದಲ್ಲಿ ಇಡುವುದಕ್ಕೆ ಮೂರಿಂಚಿನ ಒಳ್ಳೆಯ ಡ್ರೈವರಿಗಿಂತ ಮುದ್ದಾದ ಪರಿಹಾರ ನನಗೆ ಗೊತ್ತಿಲ್ಲ. ಫುಲ್‌ರೇಂಜಿನ ಎಲ್ಲ ಒಳ್ಳೆಯ ಗುಣಗಳೂ ಆ ದೂರದಲ್ಲಿ ಸಿಗುತ್ತವೆ, ಕೆಟ್ಟ ಗುಣಗಳಲ್ಲಿ ಮುಕ್ಕಾಲು ಪಾಲು ಕೇಳಿಸುವುದೇ ಇಲ್ಲ.

ಬೇಸ್ ಅಂದರೆ ತಳ್ಳಿದ ಗಾಳಿ

ದೊಡ್ಡ ಕೋನ್ ಅಂದರೆ ಹೆಚ್ಚು ಬೇಸ್ ಅನ್ನುವ ನಂಬಿಕೆ ಎಲ್ಲರಿಗೂ ಇದೆ. ಅರ್ಧ ಸತ್ಯ. ಕೋನಿನ ವಿಸ್ತೀರ್ಣವನ್ನು ಅದು ಒಂದು ಬದಿಗೆ ಸರಿಯಬಲ್ಲ ದೂರದಿಂದ ಗುಣಿಸಿದರೆ ತಳ್ಳಬಲ್ಲ ಗಾಳಿಯ ಅಳತೆ ಸಿಗುತ್ತದೆ. ಡ್ರೈವರಿನ ಜೊತೆ ಕೊಡುವ ಅಂಕಿಪಟ್ಟಿಯಲ್ಲಿ, ಅಂದರೆ ಡೇಟಾಶೀಟಿನಲ್ಲಿ, ಮೊದಲನೆಯದನ್ನು ಎಸ್‌ಡಿ ಅಂತಲೂ ಎರಡನೆಯದನ್ನು ಎಕ್ಸ್‌ಮ್ಯಾಕ್ಸ್ ಅಂತಲೂ ಬರೆದಿರುತ್ತಾರೆ. ಹಳೇ ಘರಾಣೆಯ ಎಂಟಿಂಚಿನ ಡ್ರೈವರ್ 210 ಚದರ ಸೆಂಟಿಮೀಟರ್ ಇದ್ದು ಒಂದು ಮಿಲಿಮೀಟರ್ ಸರಿಯುತ್ತದೆ ಅನ್ನಿ: 21 ಘನ ಸೆಂಟಿಮೀಟರ್. ಹೊಸ ಘರಾಣೆಯ ನಾಲ್ಕಿಂಚಿನದ್ದು 50 ಚದರ ಸೆಂಟಿಮೀಟರ್, ಮೂರು ಮಿಲಿಮೀಟರ್ ಸರಿಯುತ್ತದೆ: 15. ನೋಡಲು ನಾಲ್ಕು ಪಟ್ಟು ದೊಡ್ಡದಾದರೂ ಸಿಗುವ ಲಾಭ ಮೂರು ಡೆಸಿಬಲ್ ಅಷ್ಟೇ.

ಕೆಳಕ್ಕೆ ಇಳಿದಂತೆ ಲೆಕ್ಕ ನಿರ್ದಯವಾಗುತ್ತದೆ. ಅದೇ ಮಟ್ಟದ ಸದ್ದಿಗೆ ಒಂದು ಆಕ್ಟೇವ್ ಕೆಳಗಿಳಿದರೆ ಕೋನ್ ನಾಲ್ಕು ಪಟ್ಟು ಸರಿಯಬೇಕು. 100 ಹರ್ಟ್ಜ್‌ನಲ್ಲಿ ಅರ್ಧ ಮಿಲಿಮೀಟರ್ ಸಾಕಾದರೆ 50ರಲ್ಲಿ ಎರಡು ಮಿಲಿಮೀಟರ್ ಬೇಕು, 25ರಲ್ಲಿ ಎಂಟು. ಮೇಲೆ ಹೇಳಿದ ನಾಲ್ಕಿಂಚಿನ ಡ್ರೈವರನ್ನು ಮುಚ್ಚಿದ ಬಾಕ್ಸಿನಲ್ಲಿ ಹಾಕಿ, ಗೋಡೆಯ ಮಟ್ಟಕ್ಕೇ ಹುದುಗಿಸಿ, ಮೂರು ಮಿಲಿಮೀಟರ್ ಪೂರ್ತಿ ಓಡಿಸಿದರೆ 50 ಹರ್ಟ್ಜ್‌ನಲ್ಲಿ ಒಂದು ಮೀಟರ್ ದೂರಕ್ಕೆ ಸಿಗುವುದು ಸುಮಾರು 80 ಡೆಸಿಬಲ್. ಗಿಟಾರಿನ ಅತಿ ಕೆಳಗಿನ ತಂತಿ 82 ಹರ್ಟ್ಜ್, ಡಬಲ್ ಬೇಸಿನದ್ದು 41, ಪಿಯಾನೋದ ಕೊನೆಯ ಮನೆ 27.5. ನಿಮ್ಮ ಸಂಗೀತ ಗಿಟಾರಿನಷ್ಟಕ್ಕೆ ನಿಲ್ಲುತ್ತದೆಯೋ, ಪಿಯಾನೋದ ಎಡತುದಿವರೆಗೂ ಹೋಗುತ್ತದೆಯೋ ಅನ್ನುವುದನ್ನು ಈಗಲೇ ಪ್ರಾಮಾಣಿಕವಾಗಿ ಹೇಳಿಕೊಂಡರೆ ಆಮೇಲಿನ ನಿರಾಸೆ ತಪ್ಪುತ್ತದೆ.

ಇನ್ನೊಂದು ಸಮಸ್ಯೆ ಇದರ ಬೆನ್ನಿಗೇ ಇದೆ. ಬೇಸ್‌ಗಾಗಿ ಕೋನ್ ದೂರ ದೂರ ಓಡಾಡುವಾಗ ಅದೇ ಕೋನ್ ದನಿಯನ್ನೂ ನುಡಿಸುತ್ತಿರುತ್ತದೆ. ಜೋರಾಗಿ ತೂಗುವ ಉಯ್ಯಾಲೆಯಲ್ಲಿ ಕೂತು ಹಾಡಿದ ಹಾಗೆ ದನಿ ಸಣ್ಣಗೆ ನಡುಗುತ್ತದೆ. ಫುಲ್‌ರೇಂಜಿನಲ್ಲಿ ವಾಲ್ಯೂಮ್ ಏರಿಸಿದಾಗ ಎಲ್ಲ ಒಂದಕ್ಕೊಂದು ಮೆತ್ತಿಕೊಂಡಂತೆ ಕೇಳುವುದಕ್ಕೆ ದೊಡ್ಡ ಕಾರಣ ಇದೇ. ಎರಡು ಸಾಲಿನ ಪುಟ್ಟ ಹಾಡಿಗೆ ದೇವಲೋಕ ತೋರಿಸುವ ಸ್ಪೀಕರ್ ದೊಡ್ಡ ಆರ್ಕೆಸ್ಟ್ರಾ ಎದುರು ತಡವರಿಸುತ್ತದೆ.

ಡೇಟಾಶೀಟಿನ ಆ ಒಂದು ಅಂಕಿ

ನೆವಿಲ್ ಥೀಲ್ 1961ರಲ್ಲಿ, ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿ ಸ್ಪೀಕರ್ ಮತ್ತು ಬಾಕ್ಸಿನ ಸಂಬಂಧವನ್ನು ಕೆಲವೇ ಅಂಕಿಗಳಿಗೆ ಇಳಿಸಿದರು. ಡೇಟಾಶೀಟಿನಲ್ಲಿರುವ ಥೀಲ್-ಸ್ಮಾಲ್ ಅಂಕಿಗಳು ಅಂದರೆ ಇವೇ. ಇವುಗಳಲ್ಲಿ ಎಫ್‌ಎಸ್ ಅನ್ನುವುದು ಡ್ರೈವರ್ ತಾನಾಗಿ ಅನುರಣಿಸುವ ಆವರ್ತನ. ವಿಎಎಸ್ ಅನ್ನುವುದು ಅದರ ಅಂಚಿನ ಬಿಗಿತಕ್ಕೆ ಸಮನಾದ ಗಾಳಿಯ ಗಾತ್ರ, ಲೀಟರ್ ಲೆಕ್ಕದಲ್ಲಿ. ಕ್ಯೂಟಿಎಸ್ ಅನ್ನುವುದು, ಒಮ್ಮೆ ಅಲುಗಿದ ಕೋನ್ ಎಷ್ಟು ಬೇಗ ನಿಲ್ಲುತ್ತದೆ ಅನ್ನುವುದರ ಅಳತೆ. ಕಮ್ಮಿ ಇದ್ದಷ್ಟೂ ಬೇಗ ನಿಲ್ಲುತ್ತದೆ. ಒಂದೇ ಅಂಕಿ ನೋಡಲು ಸಮಯವಿದ್ದರೆ ಇದನ್ನು ನೋಡಿ.

ನಾನು ನೋಡಿರಲಿಲ್ಲ. ಮೊದಲ ಸಲ ತಂದ ಎಂಟಿಂಚಿನ ಜೋಡಿಯ ಕ್ಯೂಟಿಎಸ್ 0.2ರ ಆಸುಪಾಸು ಇತ್ತು. ಅಂದರೆ ಬಲವಾದ ಅಯಸ್ಕಾಂತ ಕೋನನ್ನು ಬಿಗಿಯಾಗಿ ಹಿಡಿದುಕೊಂಡಿದೆ, ಕೆಳಗೆ ಬೇಗ ಸೋಲುತ್ತದೆ, ಹಿಂಬದಿಯಲ್ಲಿ ಹಾರ್ನ್, ಅಂದರೆ ಕಹಳೆಯಂತೆ ಅಗಲವಾಗುತ್ತ ಹೋಗುವ ಸುರಂಗ, ಕಟ್ಟಿ ಬೇಸನ್ನು ಎತ್ತಿಕೊಡಬೇಕು ಅಂತ ಅರ್ಥ. ದೊಡ್ಡ ಬಾಕ್ಸ್ ಅಂದರೆ ದೊಡ್ಡ ಬೇಸ್ ಅಂದುಕೊಂಡ ನಾನು ಅದಕ್ಕೆ ಅರವತ್ತು ಲೀಟರಿನ ಮುಚ್ಚಿದ ಪೆಟ್ಟಿಗೆ ಮಾಡಿಸಿದೆ. ಮಾರಿದವರೂ ಹೂಂ ಅಂದಿದ್ದರು. ಆನ್ ಮಾಡಿದ ಕೂಡಲೇ ಹಾಡುವವರು ಮುಖಕ್ಕೆ ಬಂದು ನಿಂತು ಕೂಗಿದಂತಾಯಿತು. ಕೆಳಗೆ ಏನೂ ಇಲ್ಲ. ಒಳಗೆ ಹತ್ತಿ ತುಂಬಿ ತೆಗೆದೆ, ತೆಗೆದು ತುಂಬಿದೆ. ಕೊನೆಗೆ ತಂತಿಗೆ ಸರಣಿಯಲ್ಲಿ ಒಂದು 4 ಓಮ್ ರೆಸಿಸ್ಟರ್ ಹಾಕಿದಾಗ ಬೇಸ್ ಸ್ವಲ್ಪ ತಲೆಯೆತ್ತಿತು. ರೆಸಿಸ್ಟರ್ ಆಂಪಿನ ಹಿಡಿತವನ್ನು ಸಡಿಲಿಸುತ್ತದೆ, ಕ್ಯೂಟಿಎಸ್ ಏರಿದಂತೆಯೇ ಆಗುತ್ತದೆ. ತೇಪೆ ಕೆಲಸ, ಆದರೆ ಕಲಿಸಿದ್ದು ಬಹಳ.

ಕೆಲಸಕ್ಕೆ ಬರುವ ಅಂದಾಜು ಹೀಗೆ. ಕ್ಯೂಟಿಎಸ್ 0.2ರಿಂದ 0.3 ಇದ್ದರೆ ಬ್ಯಾಕ್‌ಲೋಡೆಡ್ ಹಾರ್ನ್. 0.3ರಿಂದ 0.45ರವರೆಗೆ ರಂಧ್ರವಿರುವ ರಿಫ್ಲೆಕ್ಸ್ ಬಾಕ್ಸ್ ಅಥವಾ ಟ್ರಾನ್ಸ್‌ಮಿಷನ್ ಲೈನ್. 0.4ರಿಂದ ಮೇಲೆ ಮುಚ್ಚಿದ ಬಾಕ್ಸ್. 0.7 ದಾಟಿದರೆ ಬಾಕ್ಸೇ ಇಲ್ಲದ ಬರಿ ಹಲಗೆ, ಅಂದರೆ ಓಪನ್ ಬ್ಯಾಫಲ್. ಗೆರೆ ಕೊರೆದ ಗಡಿಗಳಲ್ಲ ಇವು, ಒಂದರ ಹೊಲದಲ್ಲಿ ಇನ್ನೊಂದು ಸ್ವಲ್ಪ ನುಗ್ಗಿರುತ್ತದೆ.

ಮುಚ್ಚಿದ ಬಾಕ್ಸಿನ ಲೆಕ್ಕ ಒಂದನ್ನು ಕೈಯಾರೆ ಮಾಡಿ ನೋಡುವುದು ಒಳ್ಳೆಯದು. ಎಫ್‌ಎಸ್ 70 ಹರ್ಟ್ಜ್, ಕ್ಯೂಟಿಎಸ್ 0.4, ವಿಎಎಸ್ 6 ಲೀಟರ್ ಇರುವ ಡ್ರೈವರನ್ನು 3 ಲೀಟರಿನ ಬಾಕ್ಸಿಗೆ ಹಾಕಿದಿರಿ ಅನ್ನಿ. ಆರನ್ನು ಮೂರರಿಂದ ಭಾಗಿಸಿ, ಒಂದು ಕೂಡಿಸಿ, ವರ್ಗಮೂಲ ತೆಗೆದರೆ 1.73. ಎಫ್‌ಎಸ್ ಮತ್ತು ಕ್ಯೂಟಿಎಸ್ ಎರಡನ್ನೂ ಅದರಿಂದ ಗುಣಿಸಿ. ಕ್ಯೂ 0.69 ಆಯಿತು, ಆದರ್ಶವೆನ್ನುವ 0.7ಕ್ಕೆ ತೀರ ಹತ್ತಿರ. ಅನುರಣನ ಮಾತ್ರ 121 ಹರ್ಟ್ಜ್‌ಗೆ ಏರಿತು. ಬೇಸ್ ಅಲ್ಲಿಂದ ಕೆಳಕ್ಕೆ ಜಾರುತ್ತದೆ. ಬಾಕ್ಸ್ ಸರಿಯಾಗಿದೆ, ಲೆಕ್ಕ ಸರಿಯಾಗಿದೆ, ಆದರೂ 80 ಹರ್ಟ್ಜ್ ಕೈಗೆ ಸಿಗುವುದಿಲ್ಲ. ಬಾಕ್ಸಿನ ತಪ್ಪು ಏನೂ ಇಲ್ಲ ಇಲ್ಲಿ, ಡ್ರೈವರಿನ ಶಕ್ತಿಯೇ ಅಷ್ಟು.

ರಿಫ್ಲೆಕ್ಸ್ ಬಾಕ್ಸ್ ಸ್ವಲ್ಪ ಕೆಳಕ್ಕೆ ಒಯ್ಯುತ್ತದೆ, ಟ್ಯೂನ್ ಮಾಡಿದ ಆವರ್ತನದ ಬಳಿ ಕೋನಿನ ಓಡಾಟವನ್ನೂ ತಗ್ಗಿಸುತ್ತದೆ. ಅದಕ್ಕಿಂತ ಕೆಳಗೆ ಮಾತ್ರ ಕೋನಿಗೆ ಹಿಡಿತವೇ ಇರುವುದಿಲ್ಲ. ಟ್ರಾನ್ಸ್‌ಮಿಷನ್ ಲೈನಿಗೆ 40 ಹರ್ಟ್ಜ್ ಬೇಕಿದ್ದರೆ ಕಾಲು ಅಲೆಯ ಉದ್ದ, ಅಂದರೆ ಎರಡು ಮೀಟರಿಗೂ ಹೆಚ್ಚಿನ ಸುರಂಗವನ್ನು ಬಾಕ್ಸಿನೊಳಗೆ ಮಡಚಿ ಕೂರಿಸಬೇಕು. ಬ್ಯಾಕ್‌ಲೋಡೆಡ್ ಹಾರ್ನ್ ಇನ್ನೂ ದೊಡ್ಡದು, ಮರಗೆಲಸ ಬೇಡುತ್ತದೆ, ಕೋಣೆಯ ಮೂಲೆಯನ್ನು ಪಕ್ಕಾ ಆಕ್ರಮಿಸುತ್ತದೆ. ಅದರ ಬೇಸಿನ ಉಲ್ಲಾಸಕ್ಕೆ ಸೋತವರು ಮೂಲೆಯನ್ನು ಸಂತೋಷದಿಂದ ಬಿಟ್ಟುಕೊಡುತ್ತಾರೆ. ನನಗೆ ಕೆಲವು ಹಾರ್ನುಗಳಲ್ಲಿ ಗಂಡು ದನಿ ಡಬ್ಬದೊಳಗಿಂದ ಬಂದಂತೆ ಕೇಳಿದೆ. ನೀವು ಕೇಳಿಯೇ ತೀರ್ಮಾನಿಸಬೇಕಾದ ಸಂಗತಿ ಇದು.

ಕೂಗು ಎಲ್ಲಿಂದ ಬರುತ್ತದೆ

ಫುಲ್‌ರೇಂಜಿನ ಬಗ್ಗೆ ಅತಿ ಹೆಚ್ಚು ಕೇಳಿಬರುವ ದೂರು ಬೇಸ್ ಇಲ್ಲ ಅನ್ನುವುದು. ಎರಡನೆಯದು, ಅರ್ಧ ಗಂಟೆ ಕೇಳಿದರೆ ತಲೆ ಸಿಡಿಯುತ್ತದೆ ಅನ್ನುವುದು. ಎರಡಕ್ಕೂ ಒಂದು ಸಾಮಾನ್ಯ ಕಾರಣವಿದೆ, ಅದನ್ನು ಸರಿಮಾಡಲು ಎರಡೇ ಬಿಡಿಭಾಗ ಸಾಕು.

ಉದ್ದನೆಯ ಅಲೆಗೆ ಸ್ಪೀಕರ್ ಬಾಕ್ಸ್ ಒಂದು ಅಡ್ಡಿಯೇ ಅಲ್ಲ. ಅದು ಬಾಕ್ಸನ್ನು ಬಳಸಿಕೊಂಡು ಹಿಂದಕ್ಕೂ ಹರಡುತ್ತದೆ. ಚಿಕ್ಕ ಅಲೆಗೆ ಬಾಕ್ಸಿನ ಮುಂಭಾಗ ಗೋಡೆಯಂತೆ ಸಿಗುತ್ತದೆ, ಎಲ್ಲ ಮುಂದಕ್ಕೇ ಹೋಗುತ್ತದೆ. ಪರಿಣಾಮವಾಗಿ ಕೆಳಸ್ವರ ಮೇಲ್ಸ್ವರಕ್ಕಿಂತ ಆರು ಡೆಸಿಬಲ್‌ವರೆಗೆ ಹಿಂದೆ ಬೀಳಬಹುದು. ಇದು ಬ್ಯಾಫಲ್ ಸ್ಟೆಪ್. ಬಾಕ್ಸಿನ ಅಗಲವನ್ನು ಮೀಟರಿನಲ್ಲಿ ಹೇಳಿ 115ನ್ನು ಅದರಿಂದ ಭಾಗಿಸಿದರೆ ಈ ಮೆಟ್ಟಿಲಿನ ನಡುಭಾಗ ಸಿಗುತ್ತದೆ. 20 ಸೆಂಟಿಮೀಟರ್ ಅಗಲಕ್ಕೆ 575 ಹರ್ಟ್ಜ್. ಟೂ-ವೇ ಮಾಡುವವರು ಇದನ್ನು ಕ್ರಾಸ್‌ಓವರಿನಲ್ಲೇ ಸದ್ದಿಲ್ಲದೆ ಸರಿಮಾಡಿರುತ್ತಾರೆ. ಫುಲ್‌ರೇಂಜಿನಲ್ಲಿ ಕ್ರಾಸ್‌ಓವರೇ ಇಲ್ಲವಲ್ಲ, ಹಾಗಾಗಿ ತಪ್ಪೂ ಹಾಗೇ ಉಳಿಯುತ್ತದೆ. ಡ್ರೈವರ್ ತಾನಾಗಿಯೇ 3 ಕಿಲೋಹರ್ಟ್ಜ್ ಹತ್ತಿರ ಸ್ವಲ್ಪ ಉಬ್ಬಿದ್ದರೆ ಕೇಳುವುದೇ ಬೇಡ, ಕೂಗು ಗ್ಯಾರಂಟಿ.

8 ಓಮಿನ ಡ್ರೈವರಿಗೆ, 20 ಸೆಂಟಿಮೀಟರ್ ಅಗಲದ ಬಾಕ್ಸಿಗೆ, 1 ಮಿಲಿಹೆನ್ರಿಯ ಕಾಯಿಲ್ ಒಂದು, ಅದಕ್ಕೆ ಸಮಾಂತರವಾಗಿ 4.7 ಓಮ್ ರೆಸಿಸ್ಟರ್ ಒಂದು ಜೋಡಿಸಿ ಡ್ರೈವರಿಗೆ ಹೋಗುವ ತಂತಿಯಲ್ಲಿ ಸೇರಿಸಿ. ಬೇಸ್ ಕಾಯಿಲಿನ ಮೂಲಕ ಸಲೀಸಾಗಿ ಹಾಯುತ್ತದೆ. ಮೇಲಿನದು ರೆಸಿಸ್ಟರ್ ದಾಟಿ ಬರಬೇಕು, ಸುಮಾರು ನಾಲ್ಕು ಡೆಸಿಬಲ್ ತಗ್ಗುತ್ತದೆ. ಸ್ಪೀಕರ್ ಗೋಡೆಗೆ ಹತ್ತಿರವಿದ್ದರೆ ಇಷ್ಟು ಬೇಡ, ಗೋಡೆಯೇ ಬೇಸನ್ನು ಹಿಂದಿರುಗಿಸುತ್ತದೆ, ಎರಡು ಮೂರು ಓಮ್ ಸಾಕು. ತಂತಿಯಲ್ಲಿ ಏನೂ ಇರಬಾರದು ಅನ್ನುವ ಮಡಿವಂತರು ಇದನ್ನು ಮುಟ್ಟುವುದಿಲ್ಲ. ಅವರ ಮನೆಯ ಸ್ಪೀಕರುಗಳನ್ನು ನಾನು ಬಹಳ ಹೊತ್ತು ಕೇಳಲಾರೆ.

ಇದೇ ತಿದ್ದುಪಡಿಯನ್ನು ಈಗ ಸಾಫ್ಟ್‌ವೇರ್ ಈಕ್ವಲೈಸರಿನಲ್ಲೂ ಮಾಡಬಹುದು, ಇನ್ನೂ ನಾಜೂಕಾಗಿ. ಯೋಚನೆ ಹಳೆಯದೇ. 1968ರಲ್ಲಿ ಬಂದ ಬೋಸ್ 901 ಸ್ಪೀಕರಿನಲ್ಲಿ ಒಂಬತ್ತು ಪುಟ್ಟ ಫುಲ್‌ರೇಂಜ್ ಡ್ರೈವರುಗಳಿದ್ದವು, ಎಂಟು ಹಿಂದಕ್ಕೆ, ಒಂದು ಮುಂದಕ್ಕೆ, ಜೊತೆಗೆ ಕಡ್ಡಾಯವಾಗಿ ಒಂದು ಈಕ್ವಲೈಸರ್ ಪೆಟ್ಟಿಗೆ. ಆದರೆ ಈಕ್ವಲೈಸರ್ ಎಲ್ಲಕ್ಕೂ ಮದ್ದಲ್ಲ. ಪಕ್ಕಕ್ಕೆ ಕೂತವರಿಗೆ ಕಾಣೆಯಾದ ಟ್ರೆಬಲ್ಲನ್ನು ಅದು ತರಲಾರದು, ಒಂದು ಮಿಲಿಮೀಟರ್ ಓಡುವ ಕೋನನ್ನು ಎಂಟು ಓಡಿಸಲಾರದು.

ಆಂಪ್ ಎಷ್ಟು ವ್ಯಾಟ್

ಸೆನ್ಸಿಟಿವಿಟಿ ಅಂದರೆ ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್. 87 ಡೆಸಿಬಲ್ಲಿನ ಜೋಡಿಯನ್ನು ಎರಡೂವರೆ ಮೀಟರ್ ದೂರದಿಂದ ಕೇಳಿದರೆ ದೂರಕ್ಕೆ ಎಂಟು ಹೋಗಿ, ಎರಡು ಸ್ಪೀಕರಿಗೆ ಮೂರು ಬಂದು, ವ್ಯಾಟ್ ಒಂದಕ್ಕೆ 82 ಉಳಿಯುತ್ತದೆ. ಸರಾಸರಿ 75ರಲ್ಲಿ ಕೇಳುತ್ತೀರಿ, ಮಧ್ಯೆ ಬರುವ ಹೊಡೆತಗಳಿಗೆ ಹದಿನೈದು ಮೀಸಲು, ಒಟ್ಟು 90 ಅನ್ನಿ. ಬೇಕಾದದ್ದು ಆರೇಳು ವ್ಯಾಟ್. ಡ್ರೈವರ್ 95 ಡೆಸಿಬಲ್ಲಿನದ್ದಾದರೆ ಒಂದು ವ್ಯಾಟ್. ಮೂರೂವರೆ ವ್ಯಾಟಿನ 2ಎ3, ಎಂಟು ವ್ಯಾಟಿನ 300ಬಿ ಅನ್ನುವ ಗಾಜಿನ ವಾಲ್ವುಗಳ ಆಂಪುಗಳಿಗೂ ಫುಲ್‌ರೇಂಜಿಗೂ ನಂಟು ಬೆಳೆದದ್ದು ಹೀಗೆ.

ಆ ನಂಟಿಗೆ ಇನ್ನೊಂದು ಗುಟ್ಟಿದೆ. ಫೀಡ್‌ಬ್ಯಾಕ್ ಇಲ್ಲದ ವಾಲ್ವ್ ಆಂಪಿನ ಔಟ್‌ಪುಟ್ ಇಂಪೀಡೆನ್ಸ್, ಅಂದರೆ ಅದರೊಳಗಿನ ತಡೆ, ಎರಡು ಮೂರು ಓಮ್ ಇರುವುದುಂಟು. ನಾನು ತಂತಿಯಲ್ಲಿ ಹಾಕಿದ ರೆಸಿಸ್ಟರಿನ ಕೆಲಸವನ್ನೇ ಅದು ತಾನಾಗಿ ಮಾಡುತ್ತದೆ. ಕಮ್ಮಿ ಕ್ಯೂಟಿಎಸ್ ಡ್ರೈವರ್ ಅಂಥ ಆಂಪಿಗೆ ಹೊಂದುತ್ತದೆ, ಅದೇ ಡ್ರೈವರ್ ಬಿಗಿ ಹಿಡಿತದ ಟ್ರಾನ್ಸಿಸ್ಟರ್ ಆಂಪಿನಲ್ಲಿ ಒಣಗಿದಂತೆ ಕೇಳುತ್ತದೆ. ಕ್ಯೂಟಿಎಸ್ 0.5ರ ಡ್ರೈವರಿನಲ್ಲಿ ಇದು ಉಲ್ಟಾ: ಟ್ರಾನ್ಸಿಸ್ಟರ್ ಆಂಪಿನಲ್ಲಿ ಚೊಕ್ಕ, ವಾಲ್ವ್ ಆಂಪಿನಲ್ಲಿ ಗುಂಯ್. ಇವೆರಡರಲ್ಲಿ ವಾಲ್ವಿನ ಮಾಂತ್ರಿಕತೆ ಅನ್ನುವ ಮಾತು ಎಷ್ಟು, ಬರಿ ಲೆಕ್ಕ ಎಷ್ಟು ಅಂತ ಕೇಳಿದರೆ, ಲೆಕ್ಕವೇ ಹೆಚ್ಚು ಅನ್ನುತ್ತೇನೆ.

ಸಬ್‌ವೂಫರ್ ಸೇರಿಸಿದರೆ ಜಾತಿ ಕೆಡುತ್ತದೆಯೇ

ಸೇರಿಸಿ. ನಾಲ್ಕಿಂಚಿನ ಡ್ರೈವರಿಗೆ 120ರಿಂದ 150 ಹರ್ಟ್ಜ್ ಕೆಳಗಿನದನ್ನು ಕಳಿಸದೆ ತಡೆದರೆ ಅದರ ಮುಖವೇ ಬದಲಾಗುತ್ತದೆ. ಉಯ್ಯಾಲೆ ನಿಲ್ಲುತ್ತದೆ, ದನಿ ನೆಟ್ಟಗೆ ನಿಲ್ಲುತ್ತದೆ, ವಾಲ್ಯೂಮ್ ಇನ್ನೂ ನಾಲ್ಕಾರು ಗೆರೆ ಮೇಲೇರುತ್ತದೆ. ಹೊಲಿಗೆ ಬಿತ್ತು ನಿಜ, ಆದರೆ ಬಿದ್ದದ್ದು ಕಿವಿ ಅಷ್ಟಾಗಿ ಗಮನಿಸದ ಜಾಗದಲ್ಲಿ, 2 ಕಿಲೋಹರ್ಟ್ಜ್‌ನಲ್ಲಿ ಅಲ್ಲ. ಎರಡು ಎಚ್ಚರಿಕೆ ಸಾಕು. ಸಬ್ ಅನ್ನು ಬರಿ ಕೆಳಗೆ ತಂದು ಸೇರಿಸಿದರೆ ಆಗದು, ಫುಲ್‌ರೇಂಜಿಗೆ ಹೋಗುವ ಬೇಸನ್ನು ನಿಜವಾಗಿ ಕತ್ತರಿಸಲೇಬೇಕು. ಮತ್ತು 100 ಹರ್ಟ್ಜ್‌ಗಿಂತ ಮೇಲೆ ಕತ್ತರಿಸಿದರೆ ಸಬ್ ಎಲ್ಲಿದೆ ಅಂತ ಕಿವಿಗೆ ಗೊತ್ತಾಗತೊಡಗುತ್ತದೆ, ಹಾಗಾಗಿ ಅದು ಎರಡು ಸ್ಪೀಕರುಗಳ ನಡುವೆ ಇರಲಿ, ಅಥವಾ ಆ ಕಡೆ ಈ ಕಡೆ ಒಂದೊಂದು ಇರಲಿ.

ಕೊನೆಗೆ, ಅಂಗಡಿಯಲ್ಲೋ ಗೆಳೆಯರಲ್ಲೋ ಕೇಳಲು ಹೋದಾಗ ಬೆರಗು ಹುಟ್ಟಿಸುವ ಡೆಮೋ ಹಾಡನ್ನು ಬಿಟ್ಟು, ನಿಮಗೆ ಬಾಯಿಪಾಠವಾಗಿರುವ ಒಂದು ದನಿಯನ್ನು ಹಾಕಿಸಿ. ಮೊದಲ ಐದು ನಿಮಿಷದ ಸ್ಪಷ್ಟತೆಗೆ ಸೋಲಬೇಡಿ. 3 ಕಿಲೋಹರ್ಟ್ಜ್‌ನ ಉಬ್ಬು ಮೊದಲಿಗೆ ಸ್ಪಷ್ಟತೆಯಂತೆಯೇ ಕೇಳುತ್ತದೆ. ಇಪ್ಪತ್ತು ನಿಮಿಷ ಕೂತು, ಸ, ಶ ಬರುವ ಜಾಗದಲ್ಲಿ ಹಣೆ ಗಂಟಾಗುತ್ತದೆಯೇ ನೋಡಿ. ಗ್ರಾಫ್ ಕೊಟ್ಟರೆ ನೇರದ್ದೊಂದನ್ನೇ ನೋಡದೆ 30 ಡಿಗ್ರಿ ಓರೆಯಲ್ಲಿ ಅಳೆದ ಗೆರೆಯನ್ನೂ ಕೇಳಿ. ಎಷ್ಟೋ ಫುಲ್‌ರೇಂಜುಗಳಲ್ಲಿ ಓರೆಯ ಗೆರೆಯೇ ಹೆಚ್ಚು ಸಮತಟ್ಟಾಗಿರುತ್ತದೆ. ಹೊಸ ಡ್ರೈವರ್ ನೂರಾರು ಗಂಟೆ ಹಾಡಿದ ಮೇಲೆ ಸರಿಹೋಗುತ್ತದೆ ಅಂತ ಯಾರಾದರೂ ಅಂದರೆ, ಅಂಚಿನ ಬಿಗಿ ಸ್ವಲ್ಪ ಸಡಿಲವಾಗುವುದು ನಿಜ, ಎಫ್‌ಎಸ್ ಕೊಂಚ ಇಳಿಯುತ್ತದೆ. ಕೂಗು ಹೋಗುವುದಿಲ್ಲ, ನಿಮ್ಮ ಕಿವಿ ಅದಕ್ಕೆ ಒಗ್ಗಿಕೊಂಡಿರುತ್ತದೆ.

ಮನೆಗೆ ತಂದ ಮೇಲೆ ಸ್ಪೀಕರುಗಳ ಮೂತಿಯನ್ನು ನೇರ ಕಿವಿಗೆ ಗುರಿಯಿಡುವ ಬದಲು ಎರಡರ ದೃಷ್ಟಿಯೂ ನಿಮ್ಮ ತಲೆಯ ಹಿಂದೆ ಸೇರುವಂತೆ ಹತ್ತು ಹದಿನೈದು ಡಿಗ್ರಿ ಹೊರಕ್ಕೆ ತಿರುಗಿಸಿ ಶುರುಮಾಡಿ. ಒಂದು ಹಾಡು, ಒಂದಿಷ್ಟು ತಿರುವು, ಮತ್ತೆ ಅದೇ ಹಾಡು. ಟ್ರೆಬಲ್ ಕಮ್ಮಿಯಾಯಿತು ಅನ್ನಿಸಿದರೆ ಒಳಕ್ಕೆ, ಚುಚ್ಚಿತು ಅನ್ನಿಸಿದರೆ ಹೊರಕ್ಕೆ. ಸರಿ ಅನ್ನಿಸಿದಾಗ ಬಾಕ್ಸಿನ ಬುಡಕ್ಕೆ ನೆಲದ ಮೇಲೆ ಟೇಪ್ ಅಂಟಿಸಿ ಗುರುತು ಮಾಡಿಬಿಡಿ. ಮನೆ ಗುಡಿಸುವಾಗ ಯಾರಾದರೂ ಸರಿಸಿಯೇ ಸರಿಸುತ್ತಾರೆ.